ಮಾನ ಇರುವಲ್ಲಿ ದಾವೆ ನಡೆಯಲಿ

ಮಾನಹಾನಿ ದಾವೆಯನ್ನು ಯಾವ ಊರಿನ ಕೋರ್ಟು ಕೇಳಬೇಕು ಎಂಬ ಕುರಿತು ನಾನು ಬರೆದ ಲೇಖನಕ್ಕೆ ಆಕ್ಷೇಪಗಳು ಬಂದಿವೆ. ಹೆಚ್ಚಿನವು ವಕೀಲರವು. ಕೆಲವು ಪತ್ರಕರ್ತರವು, ಅವರ ವಾದ ವಕೀಲರ ವಾದಕ್ಕೆ ತದ್ವಿರುದ್ಧ. ನಾನು ಹೇಳಿದ್ದು ಇಷ್ಟು: ವಾದಿಯನ್ನು ಬಲ್ಲ ಜನ ಎಲ್ಲಿದ್ದಾರೋ, ಆ ಬರಹವನ್ನು ಅವರು ನಿಜಕ್ಕೂ ಎಲ್ಲಿ ಓದಿದ್ದಾರೋ ಅಲ್ಲಿ ದಾವೆ ನಡೆಯಲಿ. ಇಲ್ಲವೇ ಪ್ರತಿವಾದಿ ವಾಸವಿರುವ ಊರಿನಲ್ಲಿ ನಡೆಯಲಿ. ಈ ಎರಡನ್ನೂ ಬಿಟ್ಟು ಮೂರನೆಯ ಊರಿನಲ್ಲಿ ದಾವೆ ಹೂಡಿದರೆ ನ್ಯಾಯಾಧೀಶರು ಮೊದಲ ದಿನವೇ ಕಾರಣ ಕೇಳಬೇಕು, ತಡೆಯಾಜ್ಞೆಗೆ ಸಹಿ ಹಾಕುವುದಕ್ಕೂ ಮುಂಚೆ ಕೇಳಬೇಕು. ಆಕ್ಷೇಪಗಳನ್ನೆಲ್ಲ ಓದಿದ ಮೇಲೂ ಈ ನಿಲುವನ್ನು ಬದಲಿಸಲು ನನಗೆ ಕಾರಣ ಕಾಣಲಿಲ್ಲ. ಯಾಕೆಂದು ಹೇಳುತ್ತೇನೆ.

ಮೊದಲನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿ. ಮಾನಹಾನಿ ಆಗುವುದು ಬರೆದಾಗ ಅಲ್ಲ, ಮೂರನೆಯವರೊಬ್ಬರು ಅದನ್ನು ಓದಿದಾಗ. ಅಂತರ್ಜಾಲಕ್ಕೆ ಹಾಕಿದ್ದನ್ನು ಬೀದರಿನಲ್ಲೂ ಓದಬಹುದು, ಇಂಫಾಲದಲ್ಲೂ ಓದಬಹುದು. ಹಾಗಾಗಿ ತಪ್ಪು ಎರಡೂ ಕಡೆ ನಡೆದಿದೆ. ತಪ್ಪು ನಡೆದ ಊರು ಒಂದು, ಪ್ರತಿವಾದಿಯ ಊರು ಇನ್ನೊಂದು ಆದಾಗ ಎಲ್ಲಿ ದಾವೆ ಹೂಡಬೇಕೆಂಬ ಆಯ್ಕೆಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಕಲಂ ವಾದಿಗೆ ಕೊಟ್ಟಿದೆ. ಆದ್ದರಿಂದ ಫೋನಿನಲ್ಲಿ ಆ ಪುಟ ತೆರೆದುಕೊಳ್ಳುವ ಯಾವ ಊರಿನ ಕೋರ್ಟಿಗಾದರೂ ಹೋಗುವುದು ವಾದಿಯ ಹಕ್ಕು. ಇದು ಅವರ ವಾದ. ಇದಕ್ಕೆ ಬೆಂಬಲವಾಗಿ ಅವರು ಆಸ್ಟ್ರೇಲಿಯದ ಗಟ್ನಿಕ್ ತೀರ್ಪನ್ನು ಎತ್ತಿ ಹಿಡಿದಿದ್ದಾರೆ.

ಆ ತೀರ್ಪನ್ನು ಪೂರ್ತಿ ಓದಬೇಕು. 2000ದ ಅಕ್ಟೋಬರಿನಲ್ಲಿ ಅಮೆರಿಕದ ಡೌ ಜೋನ್ಸ್ ಕಂಪನಿಯ ಬ್ಯಾರನ್ಸ್ ವಾರಪತ್ರಿಕೆ ಮೆಲ್ಬರ್ನಿನ ಉದ್ಯಮಿ ಜೋಸೆಫ್ ಗಟ್ನಿಕ್ ಮೇಲೆ ಲೇಖನವೊಂದನ್ನು ಪ್ರಕಟಿಸಿತು. ಅಂತರ್ಜಾಲ ಆವೃತ್ತಿಗೆ ಸುಮಾರು 5.5 ಲಕ್ಷ ಚಂದಾದಾರರಿದ್ದರು, ಅವರಲ್ಲಿ ಆಸ್ಟ್ರೇಲಿಯದ ಕಾರ್ಡುಗಳಿಂದ ಹಣ ಕಟ್ಟಿದವರು 1,700ರಷ್ಟು. ಗಟ್ನಿಕ್ ತಮ್ಮ ವಿಕ್ಟೋರಿಯ ರಾಜ್ಯದಲ್ಲೇ ದಾವೆ ಹೂಡಿದರು. ನಮ್ಮ ಸರ್ವರ್ ಇರುವುದು ನ್ಯೂಜೆರ್ಸಿಯಲ್ಲಿ, ಪ್ರಕಟವಾದದ್ದು ಅಲ್ಲಿ, ವಿಚಾರಣೆಯೂ ಅಲ್ಲೇ ಆಗಲಿ ಎಂದು ಕಂಪನಿ ವಾದಿಸಿತು. 2002ರ ಡಿಸೆಂಬರ್ 10ರಂದು ಆಸ್ಟ್ರೇಲಿಯದ ಹೈಕೋರ್ಟ್, ಅಂದರೆ ಆ ದೇಶದ ಸರ್ವೋಚ್ಚ ನ್ಯಾಯಾಲಯ, ಆ ವಾದವನ್ನು ತಳ್ಳಿಹಾಕಿತು. ಓದುಗ ಎಲ್ಲಿ ಕುಳಿತು ಪುಟವನ್ನು ಇಳಿಸಿಕೊಂಡನೋ ಅಲ್ಲಿ ಪ್ರಕಟಣೆ ಆಯಿತು ಎಂದಿತು.

ನನ್ನ ವಿರೋಧಿಗಳು ಇಲ್ಲಿಗೆ ಓದು ನಿಲ್ಲಿಸುತ್ತಾರೆ. ಗಟ್ನಿಕ್ ಬೇರೆಲ್ಲೂ ದಾವೆ ಹೂಡುವುದಿಲ್ಲ, ವಿಕ್ಟೋರಿಯದಲ್ಲಿ ತನ್ನ ಹೆಸರಿಗೆ ಆದ ಹಾನಿಯನ್ನಷ್ಟೇ ಕೇಳುತ್ತೇನೆ ಎಂದು ಕೋರ್ಟಿಗೆ ಮಾತು ಕೊಟ್ಟಿದ್ದರು. ಅವರ ಮನೆ ಮೆಲ್ಬರ್ನಿನಲ್ಲಿತ್ತು, ವ್ಯವಹಾರದ ಕೇಂದ್ರ ಅಲ್ಲೇ ಇತ್ತು, ಅವರನ್ನು ಬಲ್ಲವರು ಅಲ್ಲಿದ್ದರು. ಹೀಗೇ ಬಿಟ್ಟರೆ ಅಫ್ಘಾನಿಸ್ತಾನದಿಂದ ಜಿಂಬಾಬ್ವೆವರೆಗೆ ಎಲ್ಲ ದೇಶಗಳ ಕಾನೂನಿಗೂ ಪ್ರಕಾಶಕರು ಹೆದರಬೇಕಾಗುತ್ತದೆ ಎಂದು ಕಂಪನಿ ಹೇಳಿದಾಗ ನ್ಯಾಯಮೂರ್ತಿಗಳು ಕೊಟ್ಟ ಉತ್ತರದಲ್ಲಿ ಇಡೀ ತೀರ್ಪಿನ ಜೀವವಿದೆ: ಯಾರ ಬಗ್ಗೆ ಬರೆಯುತ್ತಿದ್ದೇವೆ ಎಂದು ಗೊತ್ತಿದ್ದರೆ ಯಾವ ಊರಿನ ಕಾನೂನು ಅವರ ನೆರವಿಗೆ ಬರುತ್ತದೆ ಎಂಬುದೂ ಬಹುತೇಕ ಗೊತ್ತಿದ್ದ ಹಾಗೆಯೇ. ಎಲ್ಲಿ ತೆರೆದರೂ ದಾವೆ ಎಂದು ಆ ತೀರ್ಪು ಹೇಳಲಿಲ್ಲ. ವಾದಿಗೆ ಎಲ್ಲಿ ಹೆಸರಿದೆಯೋ, ಎಲ್ಲಿ ಓದಲಾಯಿತೋ, ಆ ಎರಡೂ ಸೇರುವ ಕಡೆ ದಾವೆ ಎಂದಿತು. ನಾನು ಕೇಳುತ್ತಿರುವುದೂ ಇದನ್ನೇ.

ನಮ್ಮ 19ನೇ ಕಲಮಿನ ಜೊತೆಗೇ ಮುದ್ರಿತವಾಗಿರುವ ಉದಾಹರಣೆಯನ್ನೂ ನೋಡಿ. ದೆಹಲಿಯಲ್ಲಿ ವಾಸಿಸುವ 'ಎ' ಎಂಬಾತ 'ಬಿ'ಗೆ ಮಾನಹಾನಿ ಮಾಡುವ ಮಾತುಗಳನ್ನು ಕಲ್ಕತ್ತೆಯಲ್ಲಿ ಪ್ರಕಟಿಸುತ್ತಾನೆ. 'ಬಿ' ಕಲ್ಕತ್ತೆಯಲ್ಲೋ ದೆಹಲಿಯಲ್ಲೋ ದಾವೆ ಹೂಡಬಹುದು. ಎರಡೇ ಊರು. ಸಂಹಿತೆ 1908ರದ್ದು, ಅಂತರ್ಜಾಲ ಆಗ ಇರಲಿಲ್ಲ ಎನ್ನುತ್ತೀರಿ, ಒಪ್ಪಿದೆ. ಆದರೆ ದೇಶದ ಉದ್ದಗಲಕ್ಕೂ ರೈಲಿನಲ್ಲಿ, ಅಂಚೆಯಲ್ಲಿ ಹೋಗುವ ಪತ್ರಿಕೆಗಳು ಆಗಲೂ ಇದ್ದವು. ಒಂದು ಪ್ರತಿ ತಲುಪಿದ ಊರೆಲ್ಲ ಕೋರ್ಟಿನ ಊರಾಗಲಿ ಎಂದು ಶಾಸನ ಬರೆದವರಿಗೆ ಅನ್ನಿಸಿದ್ದರೆ ಉದಾಹರಣೆಯಲ್ಲಿ ಅದು ಕಾಣುತ್ತಿತ್ತು. ತಪ್ಪು ನಡೆದ ಊರು ಯಾವುದೆಂದು ತೀರ್ಮಾನಿಸುವಾಗ ಅದರ ಪರಿಣಾಮ ತಟ್ಟಿದ ಜಾಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಮ್ಮ ಹೈಕೋರ್ಟುಗಳು ಹೇಳಿರುವುದುಂಟು. ಪರಿಣಾಮ ತಟ್ಟಬೇಕಾದರೆ ಅಲ್ಲಿ ವಾದಿಯ ಹೆಸರಿಗೆ ಬೆಲೆ ಇರಬೇಕು. ಇಂಫಾಲದಲ್ಲಿ ಯಾರಿಗೂ ಪರಿಚಯವಿಲ್ಲದ ಬೀದರಿನ ಗುತ್ತಿಗೆದಾರರಿಗೆ ಇಂಫಾಲದಲ್ಲಿ ಕಳೆದುಹೋಗುವ ಮಾನ ಯಾವುದು?

ತೆರೆದುಕೊಳ್ಳುವುದು ಬೇರೆ, ಓದಿದ್ದು ಬೇರೆ. ಇದನ್ನು ಇಂಗ್ಲೆಂಡಿನ ಅಪೀಲು ನ್ಯಾಯಾಲಯ 2005ರಲ್ಲಿ ಜಮೀಲ್ ಪ್ರಕರಣದಲ್ಲಿ ತೋರಿಸಿಕೊಟ್ಟಿತು. ಪ್ರತಿವಾದಿ ಅದೇ ಡೌ ಜೋನ್ಸ್, ವಾದಿ ಸೌದಿ ಅರೇಬಿಯದವರು. ವಿಚಾರಿಸಿದಾಗ ಇಂಗ್ಲೆಂಡಿನಲ್ಲಿ ಆ ಪುಟವನ್ನು ನೋಡಿದವರು ಐದೇ ಜನ, ಅವರಲ್ಲಿ ಮೂವರು ವಾದಿಯ ಕಡೆಯವರೇ. ಇಂಥ ದಾವೆಯನ್ನು ನಡೆಸುವುದು ಕೋರ್ಟಿನ ಪ್ರಕ್ರಿಯೆಯ ದುರುಪಯೋಗ ಎಂದು ನ್ಯಾಯಾಲಯ ಅಲ್ಲಿಗೇ ನಿಲ್ಲಿಸಿತು. ಲೆಕ್ಕ ಕೇಳಿದ್ದರಿಂದ ಅದು ಗೊತ್ತಾಯಿತು. ನಮ್ಮಲ್ಲಿ ಆ ಲೆಕ್ಕ ಕೇಳುವವರೇ ಅಪರೂಪ. 'ಸದರಿ ಲೇಖನವು ಈ ಘನ ನ್ಯಾಯಾಲಯದ ವ್ಯಾಪ್ತಿಯಲ್ಲಿ ಲಭ್ಯವಿದೆ' ಎಂಬ ಒಂದು ಸಾಲು ವಾದಪತ್ರದಲ್ಲಿದ್ದರೆ ಸಾಕು, ನಂಬರು ಬೀಳುತ್ತದೆ, ಸಮನ್ಸ್ ಹೊರಡುತ್ತದೆ.

ಎರಡನೆಯ ಆಕ್ಷೇಪ ನ್ಯಾಯದ ಹೆಸರಿನಲ್ಲಿ ಬಂದಿದೆ. ಪೆಟ್ಟು ತಿಂದವನು ವಾದಿ, ಅವನ ಅನುಕೂಲವನ್ನು ಮೊದಲು ನೋಡಬೇಕು, ಅವನು ಆರಿಸಿದ ಕೋರ್ಟನ್ನು ಅನುಮಾನದಿಂದ ನೋಡುವುದು ಅವನಿಗೆ ಮತ್ತೊಂದು ಅವಮಾನ. ಈ ಮಾತಿನ ಹಿಂದಿರುವ ಕಾಳಜಿಯನ್ನು ನಾನು ಗೌರವಿಸುತ್ತೇನೆ. ವಾದಿ ತನ್ನ ಊರಿನಲ್ಲಿ ದಾವೆ ಹೂಡಿದರೆ ನನ್ನ ತಕರಾರು ಇಲ್ಲವೇ ಇಲ್ಲ. ವಾದಿಗೂ ಪ್ರತಿವಾದಿಗೂ ದೂರವಾದ ಊರನ್ನು ಹುಡುಕಿ ಆರಿಸಿದಾಗ ಅಲ್ಲಿ ಅನುಕೂಲ ಯಾರದು ಎಂಬುದು ನನ್ನ ಪ್ರಶ್ನೆ.

ಸಿಲ್ಚರಿನ ಪ್ರಕರಣವನ್ನು ಬಿಡಿಸಿ ನೋಡೋಣ. 2011ರ ಫೆಬ್ರವರಿಯಲ್ಲಿ ದೆಹಲಿಯ ದಿ ಕ್ಯಾರವಾನ್ ಪತ್ರಿಕೆ ಲೇಖಕ ಸಿದ್ಧಾರ್ಥ ದೇಬ್ ಬರೆದ ದೀರ್ಘ ಲೇಖನವೊಂದನ್ನು ಪ್ರಕಟಿಸಿತು. ವಿಷಯ ಐಐಪಿಎಂ ಎಂಬ ಮ್ಯಾನೇಜ್‌ಮೆಂಟ್ ಶಿಕ್ಷಣ ಸಂಸ್ಥೆ ಮತ್ತು ಅದರ ಮುಖ್ಯಸ್ಥ ಅರಿಂದಮ್ ಚೌಧುರಿ. ಸಂಸ್ಥೆ ಇದ್ದದ್ದು ದೆಹಲಿಯಲ್ಲಿ, ಪತ್ರಿಕೆ ಇದ್ದದ್ದೂ ದೆಹಲಿಯಲ್ಲಿ. 50 ಕೋಟಿ ರೂಪಾಯಿ ಪರಿಹಾರ ಕೇಳುವ ದಾವೆ ಬಿದ್ದದ್ದು ಮಾತ್ರ ಅಸ್ಸಾಮಿನ ಬರಾಕ್ ಕಣಿವೆಯ ಸಿಲ್ಚರಿನಲ್ಲಿ, ದೆಹಲಿಯಿಂದ 2,000 ಕಿಲೋಮೀಟರಿಗೂ ಹೆಚ್ಚಿನ ದಾರಿ. ಸಿಲ್ಚರಿನ ಸ್ಥಳೀಯರೊಬ್ಬರನ್ನು ಸಂಸ್ಥೆಯ ಜೊತೆಗೆ ವಾದಿಯಾಗಿ ಸೇರಿಸಲಾಗಿತ್ತು. ಪತ್ರಿಕೆ, ಲೇಖಕ, ಪುಸ್ತಕ ಪ್ರಕಾಶಕರು, ಗೂಗಲ್ ಎಲ್ಲರೂ ಪ್ರತಿವಾದಿಗಳು. ಅಲ್ಲಿನ ಸಿವಿಲ್ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಲೇಖನ ಅಂತರ್ಜಾಲದಿಂದ ಇಳಿಯಿತು. ಅದೇ ಬರಹ ಮೊದಲ ಅಧ್ಯಾಯವಾಗಿದ್ದ ದೇಬ್ ಅವರ ಪುಸ್ತಕ ಭಾರತದಲ್ಲಿ ಆ ಅಧ್ಯಾಯವಿಲ್ಲದೆ ಹೊರಬಂತು. ಪತ್ರಿಕೆ ಸುಪ್ರೀಂ ಕೋರ್ಟಿಗೆ ಹೋಗಿ ದಾವೆಯನ್ನು ದೆಹಲಿಗೆ ವರ್ಗಾಯಿಸಿಕೊಂಡಿತು. ದೆಹಲಿ ಹೈಕೋರ್ಟ್ ತಡೆಯಾಜ್ಞೆಯನ್ನು ತೆರವುಗೊಳಿಸಿದ್ದು 2018ರಲ್ಲಿ.

ಸಂಸ್ಥೆಯ ಹೆಸರು ಕೆಟ್ಟಿದ್ದರೆ ಅದು ದೆಹಲಿಯಲ್ಲಿ ಕೆಡುತ್ತಿತ್ತು, ಅದರ ಜಾಹೀರಾತು ನೋಡಿ ಮಕ್ಕಳನ್ನು ಸೇರಿಸುವ ಪಾಲಕರಿರುವ ದೊಡ್ಡ ನಗರಗಳಲ್ಲಿ ಕೆಡುತ್ತಿತ್ತು. ಆ ಸಂಸ್ಥೆ ಹೇಗೆ ನಡೆಯುತ್ತಿದೆ ಎಂದು ತಿಳಿಯಬೇಕಾಗಿದ್ದ ವಿದ್ಯಾರ್ಥಿಗಳಿಗೆ ಸುಮಾರು ಏಳು ವರ್ಷ ಆ ಲೇಖನ ಸಿಗಲಿಲ್ಲ. ಲೇಖನದಲ್ಲಿದ್ದದ್ದು ಸುಳ್ಳೋ ನಿಜವೋ ಎಂದು ಯಾವ ನ್ಯಾಯಾಧೀಶರೂ ಸಾಕ್ಷ್ಯ ಕೇಳಿ ತೀರ್ಮಾನಿಸಿದ ಮೇಲೆ ಅದು ಇಳಿದದ್ದಲ್ಲ. ನ್ಯಾಯವ್ಯಾಪ್ತಿಯ ಪ್ರಶ್ನೆಯನ್ನು ಮೊದಲೇ ಕೇಳದಿದ್ದರೆ ಆಗುವ ನಷ್ಟ ಇದು. ಇದನ್ನು ಪತ್ರಿಕೆಯೊಂದರ ನಷ್ಟ ಎಂದು ಮಾತ್ರ ಲೆಕ್ಕ ಹಾಕುವವರು ಓದುಗರನ್ನು ಮರೆತಿದ್ದಾರೆ.

ಅಮೆರಿಕದ ಕೀಟನ್ ತೀರ್ಪನ್ನು ಒಬ್ಬರು ನನಗೆ ನೆನಪಿಸಿದ್ದಾರೆ. 1984ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ನ್ಯೂಯಾರ್ಕಿನ ಕ್ಯಾಥಿ ಕೀಟನ್ ಓಹಾಯೋದಲ್ಲಿ ನೋಂದಣಿಯಾಗಿದ್ದ ಹಸ್ಲರ್ ಪತ್ರಿಕೆಯ ಮೇಲೆ ನ್ಯೂ ಹ್ಯಾಂಪ್‌ಶೈರಿನಲ್ಲಿ ದಾವೆ ಹೂಡಲು ಅವಕಾಶ ಕೊಟ್ಟಿತು. ಬೇರೆಡೆ ಕಾಲಮಿತಿ ಮುಗಿದಿತ್ತು, ನ್ಯೂ ಹ್ಯಾಂಪ್‌ಶೈರಿನಲ್ಲಿ ಆರು ವರ್ಷದ ಅವಧಿ ಇನ್ನೂ ಉಳಿದಿತ್ತು. ವಾದಿ ಊರು ಆರಿಸುವುದನ್ನು ಒಪ್ಪಿದ ತೀರ್ಪು ಇದು, ನಿಜ. ಆದರೆ ಆ ಪತ್ರಿಕೆ ತಿಂಗಳಿಗೆ 10ರಿಂದ 15 ಸಾವಿರ ಪ್ರತಿಗಳನ್ನು ಆ ರಾಜ್ಯದಲ್ಲಿ ತಾನೇ ಮಾರುತ್ತಿತ್ತು. ಅಲ್ಲಿ ವ್ಯಾಪಾರ ಮಾಡಿದವರು ಅಲ್ಲಿನ ಕೋರ್ಟಿಗೆ ಉತ್ತರ ಹೇಳಲಿ ಎಂಬುದರ ಮೇಲೆ ಆ ತೀರ್ಪು ನಿಂತಿದೆ, ಎಲ್ಲೋ ಒಂದು ಪ್ರತಿ ಸಿಕ್ಕಿತು ಎಂಬುದರ ಮೇಲಲ್ಲ. ಇನ್ನೊಂದು ಮುಖ್ಯ ವ್ಯತ್ಯಾಸವಿದೆ. 1964ರ ಸಲ್ಲಿವನ್ ತೀರ್ಪಿನಿಂದ ಈಚೆಗೆ ಅಮೆರಿಕದಲ್ಲಿ ಸಾರ್ವಜನಿಕ ವ್ಯಕ್ತಿಗಳು ಮಾನಹಾನಿ ದಾವೆ ಗೆಲ್ಲುವುದು ಬಹಳ ಕಷ್ಟ, ವಿಚಾರಣೆಗೆ ಮೊದಲು ಬರಹವನ್ನು ತಡೆಯುವುದು ಇನ್ನೂ ಕಷ್ಟ. ಅಲ್ಲಿ ಬಾಗಿಲು ಅಗಲವಾಗಿದ್ದರೂ ಒಳಗೆ ರಕ್ಷಣೆ ಇದೆ. ಇಲ್ಲಿ ಏಕಪಕ್ಷೀಯ ತಡೆಯಾಜ್ಞೆ ಸುಲಭವಾಗಿ ಸಿಗುತ್ತದೆ, ಮಾನಹಾನಿ ಜೈಲು ಶಿಕ್ಷೆಯ ಅಪರಾಧವೂ ಹೌದು. ಬಾಗಿಲನ್ನೂ ಅಷ್ಟೇ ಅಗಲ ಮಾಡಿದರೆ ಪ್ರತಿವಾದಿಗೆ ಉಳಿಯುವುದೇನು?

ಮೂರನೆಯದು ಅನುಭವಿ ವಕೀಲರೊಬ್ಬರ ಆಕ್ಷೇಪ. ನ್ಯಾಯವ್ಯಾಪ್ತಿಯ ತಕರಾರು ಪ್ರತಿವಾದಿಗಳು ಕಾಲ ತಳ್ಳುವ ಉಪಾಯ, ಅದನ್ನು ಇತರ ವಿವಾದಾಂಶಗಳ ಜೊತೆ ಕೊನೆಗೆ ತೀರ್ಮಾನಿಸಿದರಾಯಿತು, ತೀರಾ ಅನ್ಯಾಯವಾಗಿದ್ದರೆ 25ನೇ ಕಲಮಿನಡಿ ಸುಪ್ರೀಂ ಕೋರ್ಟು ವರ್ಗಾವಣೆ ಮಾಡುತ್ತದೆ ಎಂದು ಅವರು ಬರೆದಿದ್ದಾರೆ. ಕಾಲ ತಳ್ಳುವ ಪ್ರತಿವಾದಿಗಳು ಇದ್ದಾರೆ, ಅಲ್ಲಗಳೆಯುವುದಿಲ್ಲ. ಆದರೆ ಕೊನೆಗೆ ತೀರ್ಮಾನಿಸೋಣ ಎನ್ನುವುದು ಸಂಹಿತೆಯ ದಿಕ್ಕಿಗೇ ವಿರುದ್ಧ. ಊರಿನ ಕುರಿತ ತಕರಾರನ್ನು ಮೊದಲ ಕೋರ್ಟಿನಲ್ಲಿ, ಆದಷ್ಟು ಬೇಗ, ವಿವಾದಾಂಶ ಗೊತ್ತುಪಡಿಸುವುದರೊಳಗೆ ಎತ್ತದಿದ್ದರೆ ಅಪೀಲಿನಲ್ಲಿ ಅದನ್ನು ಕೇಳುವುದಿಲ್ಲ ಎನ್ನುತ್ತದೆ 21ನೇ ಕಲಂ. ಎತ್ತಿದ್ದರೂ ಅದರಿಂದ ನ್ಯಾಯಕ್ಕೆ ಚ್ಯುತಿ ಬಂದದ್ದನ್ನು ತೋರಿಸಬೇಕು. ಇಷ್ಟು ಕಟ್ಟುನಿಟ್ಟಾಗಿ ಮೊದಲೇ ಎತ್ತು ಎಂದು ಪ್ರತಿವಾದಿಗೆ ಹೇಳುವ ಕಾನೂನು, ನ್ಯಾಯಾಧೀಶರು ಅದನ್ನು ಕೊನೆಗೆ ನೋಡಲಿ ಎಂದು ಬಯಸಿರಲಾರದು. ಐದು ವರ್ಷ ವಿಚಾರಣೆ ನಡೆದು ಪಾಟೀ ಸವಾಲೂ ಮುಗಿದ ಮೇಲೆ ಈ ಕೋರ್ಟಿಗೆ ವ್ಯಾಪ್ತಿ ಇರಲಿಲ್ಲ ಎಂದು ತೀರ್ಪು ಬಂದರೆ ಆ ಐದು ವರ್ಷವನ್ನು ಯಾರು ಹಿಂದಿರುಗಿಸುತ್ತಾರೆ?

ಸಾಧನಗಳೂ ಸಂಹಿತೆಯಲ್ಲೇ ಇವೆ. ವ್ಯಾಪ್ತಿ ಇಲ್ಲವೆಂದು ಕಂಡರೆ ಯಾವ ಹಂತದಲ್ಲಾದರೂ ವಾದಪತ್ರವನ್ನು ಸರಿಯಾದ ಕೋರ್ಟಿನಲ್ಲಿ ಸಲ್ಲಿಸಲು ಹಿಂದಿರುಗಿಸಬೇಕು ಎನ್ನುತ್ತದೆ 7ನೇ ಆದೇಶದ 10ನೇ ನಿಯಮ. 14ನೇ ಆದೇಶದ 2ನೇ ನಿಯಮ ವ್ಯಾಪ್ತಿಯ ಕಾನೂನು ಪ್ರಶ್ನೆಯನ್ನು ಮೊದಲೇ ಕೈಗೆತ್ತಿಕೊಳ್ಳಲು ಅವಕಾಶ ಕೊಡುತ್ತದೆ. ಮಾನಹಾನಿ ಪರಿಹಾರಕ್ಕೆ ಕಾಲಮಿತಿ ಒಂದೇ ವರ್ಷ, ಹಿಂದಿರುಗಿಸಿದರೆ ವಾದಿಯ ದಾವೆಯೇ ಸತ್ತುಹೋಗುತ್ತದೆ ಎಂಬ ಅಳುಕನ್ನು ಆ ವಕೀಲರು ವ್ಯಕ್ತಪಡಿಸಿದ್ದಾರೆ. ಪ್ರಾಮಾಣಿಕವಾಗಿ ತಪ್ಪು ಕೋರ್ಟಿನಲ್ಲಿ ಕಳೆದ ಕಾಲವನ್ನು ಕಾಲಮಿತಿ ಅಧಿನಿಯಮದ 14ನೇ ಕಲಂ ಲೆಕ್ಕದಿಂದ ಬಿಟ್ಟುಕೊಡುತ್ತದೆ. ಬೇಕೆಂದೇ ತಪ್ಪು ಕೋರ್ಟಿಗೆ ಹೋದವನಿಗೆ ಆ ರಕ್ಷಣೆ ಸಿಗುವುದಿಲ್ಲ.

ವರ್ಗಾವಣೆಯ ವಿಚಾರಕ್ಕೆ ಬಂದರೆ, ಅದು ಪರಿಹಾರ ಎಂದು ಹೇಳುವವರು ರಾಯಚೂರಿನ ಒಂದು ಸಣ್ಣ ದಿನಪತ್ರಿಕೆಯ ಸಂಪಾದಕರನ್ನು ಕಣ್ಣ ಮುಂದೆ ತಂದುಕೊಳ್ಳಲಿ. ದೂರದ ರಾಜ್ಯದ ಕೋರ್ಟಿನಿಂದ ಸಮನ್ಸ್ ಬಂದಿದೆ. ಅಲ್ಲಿ ಒಬ್ಬ ವಕೀಲರನ್ನು ಹುಡುಕಿ ವಕಾಲತ್ತು ಹಾಕಿಸಬೇಕು, ಕನ್ನಡದ ವರದಿಯನ್ನು ಆ ಕೋರ್ಟಿನ ಭಾಷೆಗೆ ಅನುವಾದ ಮಾಡಿಸಬೇಕು, ವಾಯಿದೆಗಳಿಗೆ ಓಡಾಡಬೇಕು. ಇವೆಲ್ಲದರ ನಡುವೆ ದೆಹಲಿಯಲ್ಲಿ ಇನ್ನೊಬ್ಬ ವಕೀಲರನ್ನಿಟ್ಟು ವರ್ಗಾವಣೆಯ ಅರ್ಜಿ ಹಾಕಬೇಕು. ಹಣವಿರುವ ಪತ್ರಿಕೆ ಇದನ್ನು ಮಾಡಬಲ್ಲದು. ಸಣ್ಣವರು ಕ್ಷಮೆ ಬರೆದುಕೊಟ್ಟು ಬಿಡುಗಡೆ ಹೊಂದುತ್ತಾರೆ, ಬರೆದದ್ದು ನಿಜವಿದ್ದರೂ.

ಇನ್ನು ಪತ್ರಕರ್ತ ಮಿತ್ರರ ಆಕ್ಷೇಪ. ನಾನು ಅರ್ಧ ದಾರಿಗೆ ನಿಂತೆ ಎಂಬುದು ಅವರ ದೂರು. ಪತ್ರಿಕೆಯ ಕಚೇರಿ ಇರುವ ಊರಿನಲ್ಲಿ ಮಾತ್ರ ದಾವೆ ಹೂಡಬೇಕು ಎಂದು ಕಾನೂನು ಬರಲಿ ಎನ್ನುತ್ತಾರೆ. ಇವರ ಕಷ್ಟ ನನಗೆ ಗೊತ್ತಿದೆ, ಆದರೆ ಈ ಬೇಡಿಕೆಯನ್ನು ಒಪ್ಪಲಾರೆ. ಸಿಂಧನೂರಿನ ಅಂಗನವಾಡಿ ಕಾರ್ಯಕರ್ತೆಯೊಬ್ಬರ ಫೋಟೊವನ್ನು ನೋಯ್ಡಾದ ವಾಹಿನಿಯೊಂದು ಯಾವುದೋ ಅಪರಾಧಿಯ ಫೋಟೊ ಎಂದು ತೋರಿಸಿದರೆ ಅವರು ನೋಯ್ಡಾಕ್ಕೆ ಹೋಗಬೇಕೆ? ಅವರನ್ನು ಬಲ್ಲವರು ಸಿಂಧನೂರಿನಲ್ಲಿದ್ದಾರೆ, ಮಕ್ಕಳನ್ನು ಅವರ ಬಳಿ ಬಿಡಲು ಹಿಂಜರಿಯುವ ತಾಯಂದಿರು ಅಲ್ಲಿದ್ದಾರೆ, ಸಾಕ್ಷಿ ಹೇಳುವವರೂ ಅಲ್ಲೇ. ದುಬೈಯಲ್ಲೋ ಟೆಕ್ಸಾಸಿನಲ್ಲೋ ಕುಳಿತ ಕನ್ನಡಿಗರೊಬ್ಬರು ದಾವಣಗೆರೆಯ ಶಿಕ್ಷಕರ ಮೇಲೆ ಯೂಟ್ಯೂಬಿನಲ್ಲಿ ಸುಳ್ಳು ಹರಡಿದರೂ ಅಷ್ಟೇ, ದಾವೆ ದಾವಣಗೆರೆಯಲ್ಲಿ ನಡೆಯಬೇಕು. ಪ್ರತಿವಾದಿ ದೇಶದ ಹೊರಗಿದ್ದಾರೆ ಎಂದ ಮಾತ್ರಕ್ಕೆ ದಾರಿ ಮುಚ್ಚುವುದಿಲ್ಲ, ವ್ಯಾಜ್ಯಕಾರಣ ಹುಟ್ಟಿದ ಊರಿನಲ್ಲಿ ಹೂಡಲು 20ನೇ ಕಲಂ ಇದೆ.

ಗೌರಿ ಲಂಕೇಶ್ ಅವರ ಉದಾಹರಣೆಯನ್ನು ಪತ್ರಕರ್ತರು ಮುಂದಿಟ್ಟಿದ್ದಾರೆ. ಪತ್ರಿಕೆ ಬೆಂಗಳೂರಿನದು, 2008ರ ವರದಿಯ ಮೇಲೆ ಮೊಕದ್ದಮೆ ನಡೆದದ್ದು ಹುಬ್ಬಳ್ಳಿಯ ಜೆಎಂಎಫ್‌ಸಿ ಕೋರ್ಟಿನಲ್ಲಿ, 2016ರ ನವೆಂಬರಿನಲ್ಲಿ ಆರು ತಿಂಗಳ ಶಿಕ್ಷೆಯಾಯಿತು. ಮಾನಹಾನಿಗೆ ಯಾರನ್ನೂ ಜೈಲಿಗೆ ಕಳಿಸಬಾರದು ಎಂದು ನಾನು ನಂಬಿದ್ದೇನೆ. ಸುಪ್ರೀಂ ಕೋರ್ಟ್ 2016ರ ಮೇ ತಿಂಗಳಲ್ಲಿ ಆ ಕಾನೂನನ್ನು ಎತ್ತಿಹಿಡಿದದ್ದು ನನಗೆ ನೋವಿನ ವಿಷಯ. ಆದರೆ ಊರಿನ ಪ್ರಶ್ನೆಯನ್ನಷ್ಟೇ ನೋಡಿದರೆ, ಫಿರ್ಯಾದಿ ಪ್ರಲ್ಹಾದ ಜೋಶಿ ಧಾರವಾಡದ ಸಂಸದರು, ಪತ್ರಿಕೆಯ ಓದುಗರು ಹುಬ್ಬಳ್ಳಿಯಲ್ಲಿದ್ದರು. ನನ್ನ ಅಳತೆಯಲ್ಲಿ ಹುಬ್ಬಳ್ಳಿ ಸರಿಯಾದ ಊರೇ. ನಮಗೆ ಇಷ್ಟವಾದವರಿಗೆ ಒಂದು ಅಳತೆ, ಆಗದವರಿಗೆ ಇನ್ನೊಂದು ಎಂದರೆ ವಾದ ನಿಲ್ಲುವುದಿಲ್ಲ.

ಕ್ರಿಮಿನಲ್ ಪ್ರಕರಣಗಳಿಗೆ ಈ ಚರ್ಚೆ ಅನ್ವಯಿಸದು, ಅಪರಾಧ ಸಮಾಜದ ವಿರುದ್ಧ, ಯಾರು ಎಲ್ಲಿ ಬೇಕಾದರೂ ದೂರು ಕೊಡಬಹುದು ಎಂಬ ಮಾತೂ ಬಂದಿದೆ. ಮಾನಹಾನಿಯ ಮಟ್ಟಿಗೆ ಇದು ತಪ್ಪು. ನೊಂದ ವ್ಯಕ್ತಿಯೇ ದೂರು ಕೊಡಬೇಕು ಎಂಬುದು ಮೊದಲಿನಿಂದ ಬಂದ ನಿಯಮ. ಅಷ್ಟೇ ಅಲ್ಲ, ಆರೋಪಿ ತನ್ನ ವ್ಯಾಪ್ತಿಯ ಹೊರಗೆ ವಾಸವಿದ್ದರೆ ಮ್ಯಾಜಿಸ್ಟ್ರೇಟರು ಸಮನ್ಸ್ ಕಳಿಸುವ ಮೊದಲು ವಿಚಾರಿಸಿ ನೋಡಲೇಬೇಕು ಎಂದು 2005ರ ತಿದ್ದುಪಡಿ ದಂಡ ಪ್ರಕ್ರಿಯಾ ಸಂಹಿತೆಯ 202ನೇ ಕಲಮಿಗೆ ಸೇರಿಸಿತು. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 225ನೇ ಕಲಂ. ದೂರದವರನ್ನು ಸುಮ್ಮನೆ ಎಳೆದಾಡಬಾರದು ಎಂಬುದೇ ಅದರ ಉದ್ದೇಶ. ನಟಿ ಖುಷ್ಬೂ ಅವರು ಒಂದು ಪತ್ರಿಕಾ ಸಮೀಕ್ಷೆಗೆ ಹೇಳಿದ ಮಾತಿನ ಮೇಲೆ 23 ದೂರುಗಳು, ಬಹುಪಾಲು ತಮಿಳುನಾಡಿನ ಬೇರೆಬೇರೆ ಊರುಗಳಲ್ಲಿ, ದಾಖಲಾದವು. 2010ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಎಲ್ಲವನ್ನೂ ರದ್ದು ಮಾಡುವ ಹೊತ್ತಿಗೆ ಸುಮಾರು ಐದು ವರ್ಷ ಕಳೆದಿತ್ತು. ರಾಹುಲ್ ಗಾಂಧಿ 2019ರ ಏಪ್ರಿಲ್ 13ರಂದು ನಮ್ಮ ಕೋಲಾರದಲ್ಲಿ ಮಾಡಿದ ಭಾಷಣದ ವಿಚಾರಣೆ ಗುಜರಾತಿನ ಸೂರತ್‌ನಲ್ಲಿ ನಡೆದು, 2023ರ ಮಾರ್ಚ್ 23ರಂದು ಎರಡು ವರ್ಷದ ಶಿಕ್ಷೆಯಾಯಿತು, ಆ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಅಪರಾಧ ನಿರ್ಣಯಕ್ಕೆ ತಡೆ ಕೊಟ್ಟಿತು. ಭಾಷಣದ ಸರಿತಪ್ಪು ನನ್ನ ವಿಷಯವಲ್ಲ. ಒಂದು ಉಪನಾಮವನ್ನು ಹಿಡಿದು ಆಡಿದ ಮಾತಿಗೆ ಆ ಉಪನಾಮದವರಿರುವ ಯಾವ ಊರಿನಲ್ಲಾದರೂ ವಿಚಾರಣೆ ಆಗಬಹುದು ಎಂದಾದರೆ ಊರಿನ ನಿಯಮ ಎಂಬುದೇ ಉಳಿಯುವುದಿಲ್ಲ. ಪಕ್ಷ ಬದಲಾದರೂ ನಾನು ಇದೇ ಮಾತು ಹೇಳುತ್ತೇನೆ.

ಕೊನೆಯ ಆಕ್ಷೇಪಕ್ಕೆ ಹೆಚ್ಚು ಮಾತು ಬೇಡ. ಇದೆಲ್ಲ ಪರದೇಶದ ಸರಕು, ನಮ್ಮ ಪರಿಸ್ಥಿತಿಗೆ ಹೊಂದದು ಎಂದಿದ್ದಾರೆ. ನಮ್ಮ ಮಾನಹಾನಿ ಕಾನೂನು ಬಂದದ್ದೇ ಇಂಗ್ಲೆಂಡಿನಿಂದ. ಅದರ ಸಡಿಲ ಬಾಗಿಲಿನ ಫಲವನ್ನು ಅವರೇ ಉಂಡರು. ಅಮೆರಿಕದ ಲೇಖಕಿ ರೇಚಲ್ ಎಹ್ರೆನ್‌ಫೆಲ್ಡ್ ಅವರ ಪುಸ್ತಕದ 23 ಪ್ರತಿಗಳು ಅಂತರ್ಜಾಲದ ಮೂಲಕ ಇಂಗ್ಲೆಂಡಿಗೆ ಹೋಗಿದ್ದವು. ಅಷ್ಟರ ಮೇಲೆ ಸೌದಿಯ ಉದ್ಯಮಿ ಖಾಲಿದ್ ಬಿನ್ ಮಹಫೂಜ್ ಲಂಡನ್ನಿನಲ್ಲಿ ದಾವೆ ಹೂಡಿ, ಲೇಖಕಿ ಹಾಜರಾಗದೆ ಇದ್ದುದರಿಂದ 2005ರಲ್ಲಿ ಗೆದ್ದರು. ಇದರಿಂದ ಕೆರಳಿದ ನ್ಯೂಯಾರ್ಕ್ ರಾಜ್ಯ 2008ರಲ್ಲಿ, ಇಡೀ ಅಮೆರಿಕ 2010ರಲ್ಲಿ, ಇಂಥ ವಿದೇಶಿ ತೀರ್ಪುಗಳನ್ನು ತಮ್ಮಲ್ಲಿ ಜಾರಿ ಮಾಡದಂತೆ ಕಾನೂನು ತಂದವು. ಇಂಗ್ಲೆಂಡ್ ತನ್ನ 2013ರ ಮಾನಹಾನಿ ಅಧಿನಿಯಮದ 9ನೇ ಕಲಮಿನಲ್ಲಿ, ಹೊರಗಿನ ಪ್ರತಿವಾದಿಯ ಮೇಲಿನ ದಾವೆಗೆ ಬೇರೆಲ್ಲ ಸ್ಥಳಗಳಿಗಿಂತ ಇಲ್ಲಿಯೇ ಸೂಕ್ತ ಎಂದು ಸ್ಪಷ್ಟವಾಗಿ ಕಂಡರೆ ಮಾತ್ರ ತನ್ನ ಕೋರ್ಟುಗಳು ಕೇಳಬೇಕು ಎಂದು ಬರೆದುಕೊಂಡಿತು. ಅವರ ಹಳೆಯ ತಪ್ಪನ್ನು ಇಟ್ಟುಕೊಂಡು ತಿದ್ದಿಕೊಂಡದ್ದನ್ನು ಮಾತ್ರ ಪರದೇಶದ್ದು ಎನ್ನುವುದು ಯಾವ ಸ್ವದೇಶಿತನ?

ನಮಗೆ ಸಂಸತ್ತಿನ ಹೊಸ ಕಾನೂನು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಸಿವಿಲ್ ಸಂಹಿತೆಯ 122ನೇ ಕಲಂ ಕಾರ್ಯವಿಧಾನದ ನಿಯಮಗಳನ್ನು ತಿದ್ದುವ ಅಧಿಕಾರವನ್ನು ಹೈಕೋರ್ಟುಗಳಿಗೆ ಕೊಟ್ಟಿದೆ. ಮಾನಹಾನಿಯ ವಾದಪತ್ರದಲ್ಲಿ 'ಲಭ್ಯವಿದೆ' ಎಂಬ ಒಂದು ಸಾಲು ಸಾಲದು. ಈ ವ್ಯಾಪ್ತಿಯಲ್ಲಿ ವಾದಿಯ ವಾಸ ಅಥವಾ ವೃತ್ತಿ ಏನು, ತನ್ನ ಕಡೆಯವರನ್ನು ಬಿಟ್ಟು ಇಲ್ಲಿ ಆ ಬರಹವನ್ನು ಓದಿದವರು ಯಾರು, ತನ್ನ ಊರನ್ನೂ ಪ್ರತಿವಾದಿಯ ಊರನ್ನೂ ಬಿಟ್ಟಿದ್ದರೆ ಯಾಕೆ ಎಂಬುದನ್ನು ಪ್ರಮಾಣಪತ್ರದೊಂದಿಗೆ ಬರೆಯಬೇಕು ಎಂದು ಕರ್ನಾಟಕ ಹೈಕೋರ್ಟ್ ನಿಯಮ ಮಾಡಲಿ. ಅದಿಲ್ಲದ ವಾದಪತ್ರಕ್ಕೆ ಶಿರಸ್ತೇದಾರರು ಕಚೇರಿ ಆಕ್ಷೇಪಣೆ ಹಾಕಲಿ. ಅದಿದ್ದೂ ಅನುಮಾನ ಉಳಿದರೆ, ಪ್ರತಿವಾದಿಗೆ ನೋಟಿಸು ತಲುಪುವವರೆಗೆ ತಡೆಯಾಜ್ಞೆಯ ಅರ್ಜಿಯನ್ನು ನ್ಯಾಯಾಧೀಶರು ಬದಿಗಿಡಲಿ.